ಪದ್ಯ ಕನ್ನಡದಲ್ಲೇ ಇರಲಿ, ಅರ್ಥ ಅವರ ಭಾಷೆಗೆ ಹೋಗಲಿ

ಪ್ರಶ್ನೆ: ನಾನು ಉತ್ತರ ಕನ್ನಡದ ಕರಾವಳಿಯವನು, ವಯಸ್ಸು 31. ಚಿಕ್ಕಪ್ಪ ಯಕ್ಷಗಾನದ ಪದ್ಯ ಹಾಡುವ ಭಾಗವತರು. ಹುಡುಗನಿದ್ದಾಗಿನಿಂದ ಅವರ ಬೆನ್ನಿಗೆ ಬಿದ್ದು ತಾಳಮದ್ದಳೆಗೆ ಹೋಗುತ್ತ ಪದ್ಯಗಳಿಗೆ ಅರ್ಥ ಹೇಳಲು ಕಲಿತೆ. ಒಂದು ವರ್ಷ ರಂಗಶಿಕ್ಷಣವನ್ನೂ ಪಡೆದು ಈಗ ಪ್ರೌಢಶಾಲೆಯಲ್ಲಿ ಶಿಕ್ಷಕನಾಗಿದ್ದೇನೆ. ಯುರೋಪಿನ ಒಂದು ರಂಗತಂಡ ಆರು ವಾರಗಳ ಕಥನ ಶಿಬಿರಕ್ಕೆ ಕರೆದಿದೆ. ಐದು ದೇಶಗಳ ನಟರು ಬರುತ್ತಾರೆ. ಪ್ರತಿಯೊಬ್ಬರೂ ತಮ್ಮ ನಾಡಿನ ಒಂದು ಕಥೆ, ಬೇರೆ ನಾಡಿನ ಒಂದು ಕಥೆ ಹೇಳಬೇಕು. ನನ್ನನ್ನು ಯಕ್ಷಗಾನದ ವೇಷದಲ್ಲಿ ಬರಲು ಕೇಳಿದ್ದಾರೆ. ಎರಡನೆಯ ಕಥೆಯಾಗಿ ಪಶ್ಚಿಮ ಆಫ್ರಿಕಾದ ಸುಂಜಾತನ ಕಥೆಯನ್ನು ಸೂಚಿಸಿದ್ದಾರೆ. ನನ್ನದು ಶಾಲೆಯಲ್ಲಿ ಕಲಿತ ಇಂಗ್ಲಿಷ್. ವಾಲಿವಧೆ ಹೇಳೋಣವೆಂದರೆ ರಾಮ ಯಾರು ಎಂದು ವಿವರಿಸುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಚಿಕ್ಕಪ್ಪ 'ಕಿರೀಟ ತೋರಿಸಿ ಬರುವುದಕ್ಕೆ ಅಷ್ಟು ದೂರ ಹೋಗಬೇಕೇ' ಎಂದು ನೊಂದುಕೊಂಡಿದ್ದಾರೆ. ಬೇರೆಯವರ ಕಥೆ ಹೇಳುವುದು ಕಳ್ಳತನವಾಗುತ್ತದೆಯೇ? ನಮ್ಮದನ್ನು ಅಲ್ಲಿ ಹೇಳಿದರೆ ಅದು ನಮ್ಮದಾಗಿ ಉಳಿಯುತ್ತದೆಯೇ? ಹೋಗಲೇ, ಬೇಡವೇ?

ಉತ್ತರ: ಹೋಗಿ. ಆದರೆ ಕಿರೀಟವನ್ನು ಮನೆಯಲ್ಲೇ ಬಿಟ್ಟು ಹೋಗಿ. ಸುಂಜಾತನ ಕಥೆಗೆ ಈಗಲೇ ಒಪ್ಪಿಗೆ ಕೊಡಬೇಡಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಭಾಷೆ ಸಾಲದು ಎಂಬ ಅಳುಕು, ಬೇರೆಯವರದನ್ನು ಮುಟ್ಟುವ ಸಂಕೋಚ, ಚಿಕ್ಕಪ್ಪನವರ ಮಾತಿನ ನೋವು ಈ ಮೂರೂ ಅದರಲ್ಲಿ ಒಂದಕ್ಕೊಂದು ತೊಡರಿಕೊಂಡಿವೆ. ಮೂವತ್ತೈದು ವರ್ಷ ನಟನಾಗಿ, ನಟರಿಗೆ ಕಲಿಸುವವನಾಗಿ, ನಾಲ್ಕಾರು ದೇಶಗಳಲ್ಲಿ ಕಥೆ ಹೇಳಿದ ಅನುಭವದಿಂದ ಹೇಳುತ್ತೇನೆ: ಭಾಷೆಯ ತೊಡಕು ನೀವು ಎಣಿಸಿರುವುದಕ್ಕಿಂತ ಹಗುರ, ಸುಂಜಾತನ ವಿಷಯ ನೀವು ಎಣಿಸಿರುವುದಕ್ಕಿಂತ ಭಾರ. ಚಿಕ್ಕಪ್ಪನವರು ಮುಕ್ಕಾಲು ಪಾಲು ಸರಿ.

ಮೊದಲು ಒಂದು ತಪ್ಪು ನಂಬಿಕೆಯನ್ನು ಬದಿಗಿಡೋಣ. 'ಭಾವಕ್ಕೆ ಭಾಷೆಯಿಲ್ಲ, ಒಳ್ಳೆಯ ಕಥೆ ಎಲ್ಲರಿಗೂ ತಾನಾಗಿ ತಲುಪುತ್ತದೆ' ಎಂದು ಇಂಥ ಶಿಬಿರಗಳಲ್ಲಿ ಮೊದಲ ದಿನವೇ ಯಾರಾದರೂ ಹೇಳುತ್ತಾರೆ. ನಂಬಬೇಡಿ. ನಮ್ಮಲ್ಲಿ ಕಾಗೆ ಬಂದು ಎಡೆ ಮುಟ್ಟಿತು ಎಂದರೆ ಸಾಕು, ಸಭೆಯಲ್ಲಿ ಯಾರದೋ ಕಣ್ಣು ಒದ್ದೆಯಾಗುತ್ತದೆ. ಅಲ್ಲಿ ಒಂದು ಹಕ್ಕಿ ಬಂದು ಅನ್ನ ತಿಂದಿತು, ಅಷ್ಟೇ. ಗೂಬೆ ನಮಗೆ ಅಪಶಕುನ. ಇಂಗ್ಲಿಷಿನ ಮಕ್ಕಳ ಕಥೆಗಳಲ್ಲಿ ಅದು ಜಾಣ ಹಕ್ಕಿ. ಊರಿನ ಪ್ರೇಕ್ಷಕರು ಸಭೆಗೆ ಬರುವಾಗಲೇ ಅರ್ಧ ಕಥೆಯನ್ನು ಹೊತ್ತು ತಂದಿರುತ್ತಾರೆ, ಆದ್ದರಿಂದ ನಾವು ಉಳಿದರ್ಧ ಹೇಳಿದರೆ ಸಾಕಾಗುತ್ತದೆ. ಹೊರಗೆ ಹೋದಾಗ ಆ ಮೊದಲರ್ಧ ಇರುವುದಿಲ್ಲ. ಅದು ಇಲ್ಲ ಎಂಬುದು ನಮಗೆ ಗೊತ್ತೇ ಆಗುವುದಿಲ್ಲ, ಏಕೆಂದರೆ ಅದನ್ನು ನಾವು ಎಂದೂ ಹೇಳಿರಲೇ ಇಲ್ಲ.

ನನಗೆ ಇದು ತಿಳಿದದ್ದು ಒಂದು ಸೋಲಿನಿಂದ. ಬಹಳ ವರ್ಷಗಳ ಹಿಂದೆ ಹೊರದೇಶದ ಒಂದು ಶಾಲೆಯಲ್ಲಿ ಗೋವಿನ ಹಾಡಿನ ಕಥೆ ಹೇಳಿದೆ. ಹಸು ಕರುವಿಗೆ ಹಾಲು ಕೊಟ್ಟು ಬಂದಿತು, ಹುಲಿ ನಾಚಿ ಪ್ರಾಣ ಬಿಟ್ಟಿತು, ನಾನು ಕೈ ಮುಗಿದೆ. ಒಂಬತ್ತು ಹತ್ತು ವರ್ಷದ ಹುಡುಗಿಯೊಬ್ಬಳು ಎದ್ದು, 'ಹುಲಿ ಯಾಕೆ ಸಾಯಬೇಕಿತ್ತು? ಹಸುವನ್ನು ಬಿಟ್ಟು ಸುಮ್ಮನೆ ಹೋಗಬಹುದಿತ್ತಲ್ಲ?' ಎಂದಳು. ನಾನು ಸತ್ಯ, ಧರ್ಮ ಎಂದು ಹತ್ತು ನಿಮಿಷ ವಿವರಿಸಿದೆ. ಮಕ್ಕಳು ಕಿಟಕಿಯಾಚೆ ನೋಡತೊಡಗಿದರು.

ಆ ರಾತ್ರಿ ಯೋಚಿಸಿದಾಗ ಹೊಳೆದದ್ದು ಇಷ್ಟು: ನಾನು ಹುಲಿಯ ಕಥೆಯನ್ನೇ ಹೇಳಿರಲಿಲ್ಲ. ಹಸು ದೊಡ್ಡಿಗೆ ಹೋಗಿ ಬರುವಷ್ಟು ಹೊತ್ತು ಹುಲಿ ಏನು ಮಾಡುತ್ತಿತ್ತು? ಹಸಿದಿತ್ತು, ಮೋಸ ಹೋದೆ ಎಂದು ಕುದಿಯುತ್ತಿತ್ತು, ದಾರಿಯನ್ನೇ ನೋಡುತ್ತಿತ್ತು. ಸಿಕ್ಕ ಬೇಟೆಯನ್ನು ಮಾತು ನಂಬಿ ಬಿಟ್ಟುಕೊಟ್ಟ ಮೂರ್ಖ ತಾನೇ ಎಂದು ತನ್ನನ್ನೇ ಬೈದುಕೊಳ್ಳುತ್ತಿತ್ತು. ಅಷ್ಟರಲ್ಲಿ ಹಸು ನಡೆದು ಬರುವುದು ಕಂಡಿತು. ನಮ್ಮ ಮಕ್ಕಳಿಗೆ ಈ ಹಾಡು ಎಳವೆಯಿಂದಲೇ ಕಿವಿಯಲ್ಲಿರುವುದರಿಂದ ಹುಲಿಯ ಪಶ್ಚಾತ್ತಾಪವನ್ನು ಅವರೇ ತುಂಬಿಕೊಳ್ಳುತ್ತಾರೆ. ಆ ಹುಡುಗಿಗೆ ಅದನ್ನು ನಾನು ಕಟ್ಟಿಕೊಡಬೇಕಿತ್ತು. ಮುಂದಿನ ಸಲ ಹುಲಿಯ ಕಾಯುವಿಕೆಗೆ ಐದು ನಿಮಿಷ ಕೊಟ್ಟೆ. ಆ ಪ್ರಶ್ನೆ ಮತ್ತೆ ಬರಲಿಲ್ಲ. ಹಸುವನ್ನು ಪೂಜಿಸದ, ಅದರ ಮಾಂಸ ತಿನ್ನುವ ಮನೆಗಳ ಮಕ್ಕಳು ಅವರು. ಆದರೂ ಕೊಟ್ಟ ಮಾತಿಗೆ ಒಬ್ಬಳು ತಾಯಿ ತಿರುಗಿ ಬಂದಳು ಎಂಬುದು ಅವರನ್ನು ಹಿಡಿದು ಕೂರಿಸಿತು.

ನಿಮ್ಮ ವಾಲಿವಧೆಯ ತೊಡಕೂ ಇದೇ. ರಾಮ ಯಾರು ಎಂದು ಅರ್ಧ ಗಂಟೆ ವಿವರಿಸುವ ಅಗತ್ಯವೇ ಇಲ್ಲ. ಇಬ್ಬರು ಅಣ್ಣತಮ್ಮಂದಿರು ಜಗಳವಾಡುತ್ತಿದ್ದಾರೆ, ಮೂರನೆಯವನೊಬ್ಬ ಮರೆಯಲ್ಲಿ ನಿಂತು ಒಬ್ಬನಿಗೆ ಬಾಣ ಹೊಡೆಯುತ್ತಾನೆ, ಬಿದ್ದವನು 'ನಿನಗೆ ನಾನು ಏನು ಕೇಡು ಮಾಡಿದ್ದೆ' ಎಂದು ಕೇಳುತ್ತಾನೆ. ಇದು ಯಾವ ದೇಶದವನಿಗೂ ಮುಟ್ಟುವ ಪ್ರಶ್ನೆ. ನಮ್ಮ ಸಭೆಯಲ್ಲಿ ರಾಮನು ದೇವರು ಎಂಬುದು ಗೊತ್ತಿರುವುದರಿಂದ ವಾಲಿಯ ಮಾತು ಎಷ್ಟೇ ಹರಿತವಾದರೂ ಕೊನೆಗೆ ಶರಣಾಗತಿಯ ಕಡೆಗೇ ವಾಲುತ್ತದೆ. ಅಲ್ಲಿ ಹಾಗಲ್ಲ, ಅಲ್ಲಿನವರಿಗೆ ವಾಲಿ ಗೆದ್ದೇಬಿಡುತ್ತಾನೆ. ನೀವು ಎಚ್ಚರ ವಹಿಸಬೇಕಾದದ್ದು ರಾಮನ ಕಡೆಗೆ. ಮಡದಿಯನ್ನು ಕಳೆದುಕೊಂಡು ಕಾಡಿನಲ್ಲಿ ಅಲೆಯುತ್ತಿರುವವನು, ಸುಗ್ರೀವನಿಗೆ ಅಗ್ನಿಸಾಕ್ಷಿಯಾಗಿ ಮಾತು ಕೊಟ್ಟವನು, ಆ ಮಾತಿಗಾಗಿ ತನಗೆ ಒಗ್ಗದ ಕೆಲಸ ಮಾಡಿದವನು. ಅವನ ಉತ್ತರಕ್ಕೂ ವಾಲಿಯ ಪ್ರಶ್ನೆಗೆ ಕೊಟ್ಟಷ್ಟೇ ಉಸಿರು ಕೊಡಿ. ಇಲ್ಲದಿದ್ದರೆ ಅವರ ಕಣ್ಣಿಗೆ ಅವನು ಬರೀ ಮರೆಗೊಲೆಗಾರನಾಗಿ ಉಳಿಯುತ್ತಾನೆ, ನೀವು ಊರಿಗೆ ಬಂದು ಚಿಕ್ಕಪ್ಪನವರ ಎದುರು ತಲೆಯೆತ್ತಲಾರಿರಿ.

ಈಗ ಇಂಗ್ಲಿಷಿನ ಮಾತು. ನಿಮ್ಮ ಕೈಯಲ್ಲಿ ಎಂಥ ಸಾಧನವಿದೆ ಎಂಬುದನ್ನು ನೀವು ಗಮನಿಸಿದಂತಿಲ್ಲ. ತಾಳಮದ್ದಳೆಯಲ್ಲಿ ಏನು ನಡೆಯುತ್ತದೆ? ಭಾಗವತರು ಹಳೆಯ ಭಾಷೆಯಲ್ಲಿ ಪದ್ಯ ಹಾಡುತ್ತಾರೆ. ಅರ್ಧ ಸಭೆಗೆ ಆ ಪದ್ಯ ಪೂರ್ತಿ ತಿಳಿಯುವುದಿಲ್ಲ. ಆಮೇಲೆ ಅರ್ಥಧಾರಿ ಅದನ್ನು ಇಂದಿನ ಮಾತಿನಲ್ಲಿ, ಆ ಸಭೆಗೆ ಒಪ್ಪುವಂತೆ, ಆ ಕ್ಷಣದಲ್ಲೇ ಕಟ್ಟಿ ಬಿಡಿಸುತ್ತಾನೆ. ಹರಿಕಥೆಯಲ್ಲೂ ಅಷ್ಟೇ: ಸಂಸ್ಕೃತದ ಶ್ಲೋಕ, ಕನ್ನಡದ ಕಥೆ. ಅಂದರೆ ಒಂದು ಭಾಷೆಯಲ್ಲಿ ಹಾಡಿ ಇನ್ನೊಂದರಲ್ಲಿ ಬಿಡಿಸುವುದು ಈ ಕಲೆಗಳ ಹುಟ್ಟುಗುಣ. ನೀವು ಪದ್ಯವನ್ನು ಕನ್ನಡದಲ್ಲೇ ಹಾಡಿ, ಅರ್ಥವನ್ನು ಇಂಗ್ಲಿಷಿನಲ್ಲಿ ಹೇಳಿ. ನೀವು ಹೊಸದೇನನ್ನೂ ಮಾಡುತ್ತಿಲ್ಲ; ಅರ್ಥದ ಭಾಷೆಯನ್ನು ಇನ್ನೊಂದು ಮೆಟ್ಟಿಲು ದಾಟಿಸುತ್ತಿದ್ದೀರಿ.

ಇದರಲ್ಲಿ ಅಪಾಯವಿಲ್ಲವೆಂದಲ್ಲ. ಇಂಗ್ಲಿಷಿನಲ್ಲಿ ತಡವರಿಸುವ ಭಯಕ್ಕೆ ನೀವು ಅರ್ಥವನ್ನು ಬರೆದು ಬಾಯಿಪಾಠ ಮಾಡಲು ಹೊರಡುತ್ತೀರಿ. ಬಹಳ ಜನ ಹೀಗೆಯೇ ಕೆಟ್ಟರು. ಬರೆದದ್ದನ್ನು ಒಪ್ಪಿಸುವ ಅರ್ಥಧಾರಿ ಎದುರಿನವನ ಕಣ್ಣನ್ನು ನೋಡಲಾರ. ಬದಲಿಗೆ ಪ್ರಸಂಗದ ನಡೆಯನ್ನು ಎಂಟು ಹತ್ತು ನಿಲುಗಡೆಗಳಾಗಿ ಮಾಡಿಕೊಳ್ಳಿ. ಪ್ರತಿ ನಿಲುಗಡೆಗೂ ಎಂದೂ ಬದಲಾಗದ ಒಂದು ವಾಕ್ಯವಿರಲಿ, ಅದನ್ನು ಮಾತ್ರ ಉಚ್ಚಾರ ಸಹಿತ ಗಟ್ಟಿ ಮಾಡಿ. ನಡುವಿನದ್ದನ್ನು ನಿಮಗೆ ಬರುವ ಸರಳ ಇಂಗ್ಲಿಷಿನಲ್ಲಿ, ತಪ್ಪಿದರೆ ತಪ್ಪಲಿ ಎಂದು, ಆಶುವಾಗಿಯೇ ಹೇಳಿ. ನಿಮ್ಮ ಉಚ್ಚಾರವನ್ನು ತಿದ್ದಿ ಲಂಡನ್ನಿನದಾಗಿ ಮಾಡಿಕೊಳ್ಳುವ ಗೋಜಿಗೆ ಹೋಗಬೇಡಿ. ಇನ್ನೊಂದು ಕಷ್ಟ ಹಿಮ್ಮೇಳದ್ದು. ಭಾಗವತರು, ಮದ್ದಳೆಯವರನ್ನು ಕರೆದೊಯ್ಯಲು ಅವರು ಖರ್ಚು ಕೊಡುವುದಿಲ್ಲ. ಧ್ವನಿಮುದ್ರಿಸಿದ ಹಾಡು ಹಾಕಿ ಅದಕ್ಕೆ ಮಾತು ಹೊಂದಿಸಬೇಡಿ, ಏಕೆಂದರೆ ಧ್ವನಿಮುದ್ರಣದೊಳಗಿನ ಭಾಗವತರು ನಿಮಗಾಗಿ ಕಾಯುವುದಿಲ್ಲ. ನಿಮಗೆ ನಾಲ್ಕು ಪದ್ಯ ಹಾಡಲು ಬಂದರೆ ಜಾಗಟೆ ಹಿಡಿದು ನೀವೇ ಹಾಡಿ. ಒರಟಾದರೂ ಅದು ಜೀವಂತ.

ಶಿಬಿರ ನಡೆಸುವವರು ಇದನ್ನು ಒಪ್ಪುತ್ತಾರೆಯೇ ಎಂದು ನೀವು ಕೇಳಬಹುದು. ಅವರು ಕಿರೀಟ ಕೇಳಿದ್ದು ಚಿತ್ರಗಳಲ್ಲಿ ಅದನ್ನೇ ನೋಡಿರುವುದರಿಂದ. ತಾಳಮದ್ದಳೆಯೆಂಬುದು ಒಂದಿದೆ, ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತು ಮಾತಿನಲ್ಲೇ ರಾತ್ರಿಯಿಡೀ ಲೋಕ ಕಟ್ಟುವ ಕಲೆ ಎಂದು ಅವರಿಗೆ ತಿಳಿದಿರಲಾರದು. ಒಂದು ಪುಟದ ಪತ್ರ ಬರೆದು ತಿಳಿಸಿ. ಕಥನ ಶಿಬಿರಕ್ಕೆ ಇದಕ್ಕಿಂತ ಹತ್ತಿರದ್ದು ಇನ್ನಾವುದಿದೆ? ವೇಷದಲ್ಲಿ ಹೋದರೆ ಆಗುವುದನ್ನೂ ಹೇಳಿಬಿಡುತ್ತೇನೆ. ಬಣ್ಣ ಹಚ್ಚಿ ವೇಷ ಕಟ್ಟಲು ಗಂಟೆಗಟ್ಟಲೆ ಬೇಕು, ಕಟ್ಟಿಕೊಡುವವರು ಜೊತೆಗಿರಬೇಕು. ಚೆಂಡೆ ಮದ್ದಳೆಯಿಲ್ಲದ ವೇಷ ನಿಂತಲ್ಲೇ ಸೊರಗುತ್ತದೆ. ಜನ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಚಿಕ್ಕಪ್ಪನವರು ಹೇಳಿದ್ದು ಇದನ್ನೇ.

ವೇಷವಿಲ್ಲದೆ, ಭಾಷೆಯೂ ಇಲ್ಲದೆ ಏನು ಉಳಿಯುತ್ತದೆ ಎಂದು ಹುಡುಕಿದವರಿದ್ದಾರೆ. ಇಂಗ್ಲೆಂಡಿನ ರಂಗನಿರ್ದೇಶಕ ಪೀಟರ್ ಬ್ರೂಕ್ ಪ್ಯಾರಿಸ್ಸಿನಲ್ಲಿ 1970ರಲ್ಲಿ ಕಟ್ಟಿದ ತಂಡ 1972ರ ಡಿಸೆಂಬರಿನಲ್ಲಿ ಆಫ್ರಿಕಾಕ್ಕೆ ಹೊರಟಿತು. ಹಳ್ಳಿಯಲ್ಲಿ ಒಂದು ಕಂಬಳಿ ಹಾಸುವುದು, ಅದರ ಮೇಲೆ ಆಡುವುದು. ನೋಡುವವರಿಗೂ ಆಡುವವರಿಗೂ ಸಮಾನವಾದ ಭಾಷೆಯಿಲ್ಲ. ತಂಡದಲ್ಲಿ ಜಪಾನಿನ ಯೋಶಿ ಓಯಿದಾ ಇದ್ದರು. ನೋ, ಕ್ಯೋಗೆನ್ ಎಂಬ ಅಲ್ಲಿನ ಹಳೆಯ ರಂಗಪರಂಪರೆಗಳಲ್ಲಿ ಪಳಗಿದವರು. ತಂಡದವರು ಆ ಕಂಬಳಿಯ ನಡುವೆ ಒಂದು ಜೊತೆ ಬೂಟುಗಳನ್ನು ಇಟ್ಟು ಆಟ ಶುರುಮಾಡಿದರು. ಅದು ಯಾರದು, ಹಾಕಿಕೊಂಡರೆ ಏನಾಗುತ್ತದೆ ಎಂದು ಎಲ್ಲರೂ ನೋಡಿದರು. ತರಬೇತಿ ಕೊಡುವಾಗ ನಾನು ಇದನ್ನು ಮತ್ತೆ ಮತ್ತೆ ಹೇಳುತ್ತೇನೆ: ಮೊದಲು ನೀವೂ ಅವರೂ ಒಟ್ಟಿಗೆ ನೋಡುವಂಥ ಒಂದು ವಸ್ತು ಬೇಕು. ವಾಲಿಯ ಎದೆಗೆ ನೆಟ್ಟ ಬಾಣ ನಿಮ್ಮ ಆ ಬೂಟು. ರಾಮನ ವಂಶಾವಳಿಯಿಂದ ತೊಡಗಬೇಡಿ, ಬಾಣದಿಂದ ತೊಡಗಿ.

ಇನ್ನು ಸುಂಜಾತ. ಇಲ್ಲಿ ನಿಧಾನವಾಗಿ ಹೋಗೋಣ.

ಹದಿಮೂರನೆಯ ಶತಮಾನದಲ್ಲಿ ಮಾಲಿ ಸಾಮ್ರಾಜ್ಯ ಕಟ್ಟಿದ ದೊರೆಯ ಕಥೆ ಇದು. ಹುಟ್ಟಿ ವರ್ಷಗಟ್ಟಲೆ ನಡೆಯಲಾರದ ಹುಡುಗ. ತಾಯಿ ಸೊಗೊಲೋನ್ ಅಡುಗೆಗೆ ಬಾವೋಬಾಬ್ ಮರದ ಎಲೆ ಕೇಳಿದರೆ ಸವತಿ ಮೂದಲಿಸುತ್ತಾಳೆ. ಹುಡುಗ ಕಬ್ಬಿಣದ ಸರಳು ತರಿಸಿ, ಅದನ್ನು ಊರಿ ಎದ್ದು ನಿಂತು, ಮರವನ್ನೇ ಕಿತ್ತು ತಂದು ತಾಯಿಯ ಬಾಗಿಲಲ್ಲಿ ನೆಡುತ್ತಾನೆ. ಓದುತ್ತಿದ್ದಂತೆ ನಿಮಗೆ ಸುನೀತಿ, ಸುರುಚಿ, ಧ್ರುವ ನೆನಪಾದರಲ್ಲವೇ? ಮರ ಕಿತ್ತ ಕೂಡಲೇ ನಿಮ್ಮ ತೋಳು ಭೀಮನದಾಯಿತು. ಅಪಾಯವಿರುವುದೇ ಈ ಹೋಲಿಕೆಯಲ್ಲಿ. ಹೋಲಿಕೆ ಸಿಕ್ಕ ಕೂಡಲೇ ನಟನ ಮೈ ತನಗೆ ಗೊತ್ತಿರುವ ಪಾತ್ರಕ್ಕೆ ಜಾರಿಕೊಳ್ಳುತ್ತದೆ. ಕೇಳುವವರು ಸುಂಜಾತನನ್ನು ನೋಡುವುದಿಲ್ಲ, ಆಫ್ರಿಕಾದ ಹೆಸರಿಟ್ಟುಕೊಂಡ ಭೀಮನನ್ನು ನೋಡುತ್ತಾರೆ.

ಅದಕ್ಕಿಂತ ದೊಡ್ಡ ತೊಡಕು ಹೇಳುವವನ ಅಧಿಕಾರದ್ದು. ಆ ನಾಡಿನಲ್ಲಿ ಈ ಕಥೆ ಹೇಳುವವರು ಜೇಲಿಗಳು. ಫ್ರೆಂಚರು ಅವರನ್ನು ಗ್ರಿಯೋ ಎಂದು ಕರೆದರು. ಅದು ವಂಶದಿಂದ ಬರುವ ಕೆಲಸ, ಹಾಡುವುದರ ಜೊತೆಗೆ ಮನೆತನಗಳ ಪೀಳಿಗೆ, ಋಣ, ಮಾತು ಎಲ್ಲವನ್ನೂ ನೆನಪಿನಲ್ಲಿ ಕಾಯುವ ಕೆಲಸ. ನಮ್ಮಲ್ಲಿ ಎತ್ತಿನ ಮೇಲೆ ಬಂದು ಮನೆತನದ ವಂಶಾವಳಿ ಹೇಳಿ ಕಾಳು ಪಡೆದು ಹೋಗುವ ಹೆಳವರನ್ನು ನೆನೆಯಿರಿ. ದೀಕ್ಷೆ ಪಡೆದು ತಂಬೂರಿ ಹಿಡಿದು ಮಂಟೇಸ್ವಾಮಿಯನ್ನು ಹಾಡುವ ನೀಲಗಾರರನ್ನು ನೆನೆಯಿರಿ. ಯಾರೋ ವಿದೇಶದ ನಟ ಮೂರು ವಾರ ಪುಸ್ತಕ ಓದಿ ನೀಲಗಾರನಂತೆ ಕೂತರೆ ನಮಗೆ ಹೇಗನಿಸೀತು? ಸುಂಜಾತನ ಕಥೆಯಲ್ಲಂತೂ ಜೇಲಿಯೇ ಒಂದು ಪಾತ್ರ. ದೊರೆಯ ಜೇಲಿ ಬಾಲಾ ಫಾಸೆಕೆ, ಅವನ ಸಂತತಿಯೇ ತಾವು ಎಂದು ಇಂದಿನ ಕೂಯಾಟೆ ಮನೆತನದವರು ಹೇಳುತ್ತಾರೆ. ಅವನನ್ನು ತೆಗೆದು ಕಥೆ ಹೇಳುವುದೆಂದರೆ ಭಾಗವತರನ್ನು ಕಳಿಸಿ ತಾಳಮದ್ದಳೆ ಮಾಡಿದಂತೆ.

ಹಾಗಾದರೆ ಯಾರೂ ಬೇರೆಯವರದನ್ನು ಮುಟ್ಟಬಾರದೇ? ಅದೇ ಮನೆತನದ ಸೋತಿಗಿ ಕೂಯಾಟೆಯವರನ್ನು ನೋಡಿ. 1936ರಲ್ಲಿ ಮಾಲಿಯ ಬಮಾಕೊದಲ್ಲಿ ಹುಟ್ಟಿದರು, ಅಪ್ಪರ್ ವೋಲ್ಟಾ ಎಂಬ ಹೆಸರಿದ್ದ ಇಂದಿನ ಬುರ್ಕಿನಾ ಫಾಸೊದ ರಾಷ್ಟ್ರೀಯ ತಂಡದಲ್ಲಿ ಫುಟ್‌ಬಾಲ್ ಆಡಿದರು, ರಂಗಕ್ಕೆ ಬಂದರು. 1985ರಲ್ಲಿ ಬ್ರೂಕ್ ಫ್ರಾನ್ಸಿನ ಅವಿನ್ಯೋಂ ರಂಗೋತ್ಸವದಲ್ಲಿ, ಬೂಲ್ಬೋಂ ಎಂಬಲ್ಲಿನ ಕಲ್ಲುಗಣಿಯಲ್ಲಿ ಒಂಬತ್ತು ಗಂಟೆಗಳ ಮಹಾಭಾರತ ಆಡಿಸಿದಾಗ ಅವರು ಭೀಷ್ಮ. ಆ ಪ್ರಯೋಗವನ್ನು ಭಾರತದ ರಂಗವಿಮರ್ಶಕ ರುಸ್ತಮ್ ಭರೂಚಾ ಕಟುವಾಗಿ ಟೀಕಿಸಿದರು: ಕಥೆಯನ್ನು ಅದರ ನೆಲದಿಂದ ಕಿತ್ತು ಒಯ್ಯಲಾಗಿದೆ ಎಂದು. ಮುಖ್ಯ ಪಾತ್ರಗಳಲ್ಲಿ ಭಾರತದವರು ದ್ರೌಪದಿಯಾದ ಮಲ್ಲಿಕಾ ಸಾರಾಭಾಯಿ ಒಬ್ಬರೇ. ಆ ಟೀಕೆಯನ್ನು ನಾನು ಒಪ್ಪುತ್ತೇನೆ. 1989ರ ಚಲನಚಿತ್ರ ರೂಪದಲ್ಲಿ ಕೂಯಾಟೆಯವರ ಭೀಷ್ಮನನ್ನು ನೋಡಿದಾಗ ಮಾತ್ರ ಕಣ್ಣು ತೆಗೆಯಲಾಗಲಿಲ್ಲ. ಆ ಎತ್ತರದ, ಒಣಗಿದ ಮೈಯ ಮುದುಕ ನಮ್ಮ ಯಾವ ಭಂಗಿಯನ್ನೂ ಅನುಕರಿಸುವುದಿಲ್ಲ. ಒಂದು ಕುಲದ ನೆನಪನ್ನೆಲ್ಲ ಹೊತ್ತು ನಿಂತವನ ಆಯಾಸ ಎಂಥದು ಎಂಬುದು ಅವರಿಗೆ ಮನೆಯಿಂದಲೇ ಗೊತ್ತಿತ್ತು. ಅವರು ಭೀಷ್ಮನೊಳಗೆ ಹೊಕ್ಕದ್ದು ಆ ಬಾಗಿಲಿನಿಂದ. 2009ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟನ ಪ್ರಶಸ್ತಿ ಪಡೆದರು, ಮರುವರ್ಷ ತೀರಿಕೊಂಡರು. ಅವರ ಮಗ ದಾನಿ 1995ರಲ್ಲಿ ನಿರ್ದೇಶಿಸಿದ 'ಕೇಯ್ತಾ' ಚಿತ್ರದಲ್ಲಿ ಮುದಿ ಜೇಲಿಯೊಬ್ಬ ಪಟ್ಟಣಕ್ಕೆ ಬಂದು ಶಾಲೆಯ ಹುಡುಗನಿಗೆ ಅವನ ಹೆಸರಿನ ಹಿಂದಿನ ಕಥೆ ಹೇಳುತ್ತಾನೆ. ಆ ಕಥೆ ಸುಂಜಾತನದೇ, ಆ ಜೇಲಿ ಸೋತಿಗಿಯವರೇ. ಹೊರಡುವ ಮೊದಲು ಹುಡುಕಿ ನೋಡಿ. ನೀವು ಶಿಕ್ಷಕರಾದ್ದರಿಂದ ಅದು ಇನ್ನೂ ಒಂದು ಕಡೆ ಚುಚ್ಚುತ್ತದೆ.

ನಮ್ಮ ನಾಡಿನಲ್ಲೂ ಉದಾಹರಣೆಯಿದೆ. ಹರಿಕಥೆ, ಯಕ್ಷಗಾನಗಳ ಶೇಣಿ ಗೋಪಾಲಕೃಷ್ಣ ಭಟ್ಟರು ಬಪ್ಪನಾಡು ಕ್ಷೇತ್ರದ ಪ್ರಸಂಗದಲ್ಲಿ ಬಪ್ಪ ಬ್ಯಾರಿಯೆಂಬ ಮುಸ್ಲಿಂ ವ್ಯಾಪಾರಿಯಾಗಿ ಕರಾವಳಿಯ ಮನೆಮಾತಾದರು. 1980ರ ದಶಕದಲ್ಲಿ ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್‌ನ ಪ್ರೇರಣೆಯಿಂದ ಮಂಚಿಕೇರಿಯ, ಆಫ್ರಿಕಾ ಮೂಲದ ಸಿದ್ದಿಗಳು ನೈಜೀರಿಯಾದ ಚಿನುವ ಅಚೆಬೆಯವರ ಕಾದಂಬರಿಯ ಕಥೆಯನ್ನು ಕನ್ನಡದಲ್ಲಿ ಆಡಿದರು. ಪೂರ್ವಿಕರ ಖಂಡದಿಂದ ಬಂದ ಕಥೆ, ಮಾತು ಮಾತ್ರ ಉತ್ತರ ಕನ್ನಡದ್ದು. ಇವನ್ನೆಲ್ಲ ಕಳ್ಳತನ ಎನ್ನಲು ನನಗೆ ಬಾಯಿ ಬಾರದು.

ಆದ್ದರಿಂದ ನಿಮ್ಮ ಮುಂದೆ ಮೂರು ದಾರಿಗಳಿವೆ. ಒಂದು, ಸುಂಜಾತನನ್ನು ಬಿಟ್ಟು ವಂಶದ, ದೀಕ್ಷೆಯ ಹಕ್ಕು ಸುತ್ತಿಕೊಂಡಿರದ ಒಂದು ಸಣ್ಣ ಜನಪದ ಕಥೆ ಆರಿಸುವುದು. ಇದರಲ್ಲಿ ಕಡಿಮೆ ಅಪಾಯ, ಆದರೆ ಕಲಿಕೆಯೂ ಅಷ್ಟೇ ಕಡಿಮೆ. ಎರಡು, ಶಿಬಿರಕ್ಕೆ ಆ ನಾಡಿನ ನಟರು ಬರುತ್ತಿದ್ದಾರೆಯೇ ಎಂದು ಕೇಳಿ, ಬರುವುದಾದರೆ ಮೊದಲ ಎರಡು ವಾರ ಅವರಿಂದ ಕೇಳಿಸಿಕೊಳ್ಳುವುದು. ಆಮೇಲೆ ಜೇಲಿಯಾಗಿ ಕೂರದೆ, ಕೇಳಿದವನಾಗಿ ನಿಂತು ಹೇಳುವುದು: ನಾನು ಇದನ್ನು ಇಂಥವರಿಂದ ಕೇಳಿದೆ, ಇಲ್ಲಿ ನನಗೆ ನಮ್ಮ ಧ್ರುವ ನೆನಪಾದ, ಆದರೆ ಇವನು ಧ್ರುವನಲ್ಲ. ಹೋಲಿಕೆಯನ್ನು ಮೈಯಲ್ಲಿ ಬಚ್ಚಿಡದೆ ಬಾಯಿಬಿಟ್ಟು ಹೇಳಿದರೆ ಅದರ ಅಪಾಯ ಅರ್ಧ ಇಳಿಯುತ್ತದೆ. ನನ್ನ ಒಲವು ಇದಕ್ಕೇ. ಇಲ್ಲಿಯೂ ಒಂದು ಕಷ್ಟವಿದೆ: ಅವರು ಬೇಡ ಎನ್ನಬಹುದು. ಬೇಡ ಎಂದರೆ ಬೇಡ, ವಾದಿಸಬೇಡಿ. ಮೂರನೆಯದು, ಪುಸ್ತಕ ಓದಿ ಒಪ್ಪಿಸುವುದು. ಅದನ್ನು ಮಾಡಬೇಡಿ.

ನಮ್ಮದರಲ್ಲೂ ಒಯ್ಯಬಾರದ್ದು ಇದೆ. ಉಜಿರೆಯ ಬಳಿಯ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಮಹಾಕಾವ್ಯವನ್ನು ಜಾನಪದ ವಿದ್ವಾಂಸರಾದ ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ಸೇರಿ ದಾಖಲಿಸಿದರು. 15,683 ಸಾಲುಗಳ ಆ ಪಾಠ 1998ರಲ್ಲಿ ಅಚ್ಚಾಯಿತು. ಪುಸ್ತಕ ಲೋಕಕ್ಕೆಲ್ಲ ತೆರೆದಿದೆ. ಹಾಗೆಂದು ಸಿರಿಜಾತ್ರೆಯಲ್ಲಿ ಹೆಂಗಸರ ಮೈಮೇಲೆ ಸಿರಿ ಬರುವುದನ್ನು ಶಿಬಿರದ ವೇದಿಕೆಯಲ್ಲಿ ನಟಿಸಿ ತೋರಿಸಲು ಅದು ಅನುಮತಿಯಲ್ಲ. ಏನಾದರೂ 'ಮಂತ್ರ ತಂತ್ರದ್ದು' ತೋರಿಸಿ ಎಂದು ನಿಮ್ಮನ್ನು ಖಂಡಿತ ಕೇಳುತ್ತಾರೆ. ಆಗ ನೆನಪಿರಲಿ.

ಕಾಗದಪತ್ರದ ವಿಷಯ ಚುಟುಕಾಗಿ. ನಿಮ್ಮ ಪ್ರದರ್ಶನವನ್ನು ಚಿತ್ರೀಕರಿಸುತ್ತಾರೆಯೇ, ಯಾರು, ಎಲ್ಲಿ, ಎಷ್ಟು ಕಾಲ ಬಳಸುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ನಮ್ಮ ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕರ ಹಕ್ಕನ್ನು 50 ವರ್ಷಗಳವರೆಗೆ ಮಾನ್ಯ ಮಾಡುತ್ತದೆ, ಆದರೆ ನೀವೇ ಎಲ್ಲವನ್ನೂ ಬರೆದುಕೊಟ್ಟು ಸಹಿ ಹಾಕಿದರೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ವಿಮಾನದ ಟಿಕೆಟ್, ವಸತಿ, ದಿನಭತ್ಯೆ, ವಿಮೆ ಇವು ಯಾರ ಪಾಲಿಗೆ ಎಂದು ಸ್ಪಷ್ಟವಾಗಿ ಕೇಳಲು ನಾಚಬೇಡಿ. 'ಅನುಭವವೇ ಸಂಭಾವನೆ' ಎಂದರೆ ಇನ್ನೊಮ್ಮೆ ಯೋಚಿಸಿ. ಶಾಲೆಯಿಂದ ರಜೆ, ವಿದೇಶ ಪ್ರಯಾಣದ ಅನುಮತಿ ಕೈಗೆ ಬರುವ ಮೊದಲು ಒಪ್ಪಿಗೆಯ ಪತ್ರ ಕಳಿಸಬೇಡಿ.

ಕೊನೆಯದಾಗಿ ಚಿಕ್ಕಪ್ಪನವರು. ಅವರನ್ನು ಒಪ್ಪಿಸಲು ಹೋಗಬೇಡಿ, ಕೆಲಸಕ್ಕೆ ಕರೆಯಿರಿ. ಒಂದು ಸಂಜೆ ಜಗಲಿಯಲ್ಲಿ ಅವರು ಪದ್ಯ ಹೇಳಲಿ, ನೀವು ವಾಲಿಯ ಅರ್ಥವನ್ನು ಇಂಗ್ಲಿಷಿನಲ್ಲಿ ಹೇಳಿ. ಭಾಷೆ ಅವರಿಗೆ ಬಾರದಿದ್ದರೆ ಇನ್ನೂ ಒಳ್ಳೆಯದು. ಪ್ರಸಂಗ ಅವರಿಗೆ ಬಾಯಿಗೆ ಬರುತ್ತದೆ. ನೀವು ಎಲ್ಲಿ ಅವಸರಪಟ್ಟಿರಿ, ಯಾವ ಪದ್ಯಕ್ಕೆ ಮಾತು ಉದ್ದವಾಯಿತು, ಎಲ್ಲಿ ವಾಲಿ ಕಳೆದುಹೋಗಿ ಬರೀ ಇಂಗ್ಲಿಷ್ ಉಳಿಯಿತು ಎಂಬುದನ್ನು ಅವರು ಒಂದು ಶಬ್ದ ತಿಳಿಯದೆಯೂ ಹಿಡಿಯುತ್ತಾರೆ. ಅವರ ಕೈ ಜಾಗಟೆಯ ಮೇಲೆ ತಡೆದ ಜಾಗಗಳನ್ನು ಗುರುತು ಹಾಕಿಕೊಳ್ಳಿ, ಮರುದಿನ ಅಲ್ಲಿಂದ ತಿದ್ದಲು ಶುರುಮಾಡಿ.